ಕಾರಣ ಎಂಬ ಖಾನೆ

ಹಿರಿಯ ಡಾಕ್ಟರರಿಗೆ ನಮಸ್ಕಾರ.

ನನ್ನ ಅಣ್ಣನ ಬುದ್ಧಿ ಬೆಳವಣಿಗೆ ಕುಂಠಿತವಾದದ್ದಕ್ಕೆ ಕಾರಣವೇನೆಂಬ ಖಾನೆಯಲ್ಲಿ ಇಪ್ಪತ್ತಾರು ವರ್ಷದ ಹಿಂದೆ ಅವನ ಫೈಲಿನಲ್ಲಿ ನೀವು ಬರೆದಿರಿ: ‘ಏಳನೇ ತಿಂಗಳಲ್ಲಿ ತಾಯಿ ಮೆಟ್ಟಿಲಿನಿಂದ ಬಿದ್ದದ್ದು.’ ಅಂದಿನಿಂದ ಅಮ್ಮ ಮೂರೇ ಮೆಟ್ಟಿಲಿದ್ದರೂ ಎರಡು ಕೈಯಲ್ಲಿ ಕಂಬಿ ಹಿಡಿಯುತ್ತಾಳೆ. ಅಜ್ಜಿ ಸಾಯುವವರೆಗೂ ಅವಳನ್ನು ಕೇಳಿದ್ದು ಒಂದೇ: “ಅಷ್ಟೇನಿತ್ತೇ ಅವಸರ ನಿನಗೆ?”

ಕಳೆದ ತಿಂಗಳು ಅಣ್ಣನಿಗೂ ಅಪ್ಪ-ಅಮ್ಮನಿಗೂ ರಕ್ತಪರೀಕ್ಷೆಯಾಯಿತು. ವರದಿ ಲಗತ್ತಿಸಿದ್ದೇನೆ. ಅಣ್ಣನ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದು ಅಮ್ಮನಲ್ಲೂ ಇಲ್ಲ, ಅಪ್ಪನಲ್ಲೂ ಇಲ್ಲ. ಅವನು ಗರ್ಭದಲ್ಲಿ ಮೊಳೆತಾಗಲೇ ಇದ್ದದ್ದು, ಅಮ್ಮ ಬೀಳುವುದಕ್ಕೆ ಎಷ್ಟೋ ತಿಂಗಳು ಮೊದಲು.

ಆಗ ಈ ಪರೀಕ್ಷೆ ಇರಲಿಲ್ಲ ಎನ್ನುತ್ತೀರಿ. ನಿಜ. ನಾನು ಓದಿದ್ದು ಬರೀ ಆಸ್ಪತ್ರೆಯವರು ಕೊಡುವ ಕಿರುಹೊತ್ತಿಗೆಗಳನ್ನು, ಆದರೂ ಅಷ್ಟು ಬಲ್ಲೆ. ಆದರೆ ‘ಗೊತ್ತಿಲ್ಲ’ ಎಂಬ ಮಾತು ಆಗಲೂ ಇತ್ತು.

ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ. ಫೈಲು ಹಿಡಿದು ನಿಮ್ಮೆದುರು ನಿಂತಿರುವವನೇ ನನ್ನ ಅಣ್ಣ. ನಾನೇ ಹೊರಟಿದ್ದೆ. “ನೀನು ಜಗಳ ಆಡ್ತೀಯ, ನಾನು ಬರೆಸ್ಕೊಂಡು ಬರ್ತೀನಿ” ಎಂದು ಅವನೇ ಬಂದ.

ನಾಳೆ ಬಾ ಎನ್ನಬೇಡಿ. ರಾತ್ರಿಯದೂ ಸೇರಿಸಿ ಬುತ್ತಿ ಕಟ್ಟಿಕೊಟ್ಟಿದ್ದೇನೆ. ಕಾಯುವುದರಲ್ಲಿ ಅವನನ್ನು ಈವರೆಗೆ ಯಾರೂ ಸೋಲಿಸಿಲ್ಲ.

ಇಂತಿ,
ಅವನ ತಂಗಿ