ದರಕು ಸುಟ್ಟ ದಾರಿ

ಜನವರಿ 11, ಭಾನುವಾರ, ಬೆಳಿಗ್ಗೆ 10

ಮಹಾಜನಗಳೇ, ಮುಂದಿನ ಸಾಲಿನವರೇ, ಹಿಂದೆ ಕಂಬಕ್ಕೊರಗಿ ನಿಂತವರೇ — ಯಾರೂ ಇಲ್ಲ, ಗೊತ್ತು. ಆದರೂ ಕೇಳಿ. ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದವನು. ಡೈರಿಯಲ್ಲೂ ಮೆಲುದನಿ ಬರುವುದಿಲ್ಲ.

ಎಂದಿನಂತೆ ಸೈಕಲ್ ಅಂಗಡಿ ಜಹೀರನ ಜೊತೆ ಸೈಕಲ್ ತುಳಿದು ಮನ್ಮನೆ ಬೆಟ್ಟ ಹತ್ತಿದೆ. ಅರ್ಧ ದಾರಿಗೆ ಅಡ್ಡ ಮುಳ್ಳು ಹಾಕಿತ್ತು. ಅದರಾಚೆ ವಿಘ್ನೇಶ್ವರ ಹೆಗಡೆ, ಕೈಯಲ್ಲಿ ಕತ್ತಿ. ಅವನ ತೋಟಕ್ಕೆ ಸೊಪ್ಪು ಕಡಿಯಲೆಂದು ಸರ್ಕಾರ ಬಿಟ್ಟುಕೊಟ್ಟ ಬೆಟ್ಟವಂತೆ. ನಮ್ಮ ಚಕ್ರ ಕೊರೆದ ಜಾಡಿನಲ್ಲಿ ಮಳೆಗೆ ಮಣ್ಣೆಲ್ಲ ತೊಳೆದು ಹೋಗುತ್ತದಂತೆ. ಅಜ್ಜನ ಕಾಲದಿಂದ ಊರೇ ನಡೆದ ಕಾಲುದಾರಿ, ನಿನ್ನಪ್ಪನ ಆಸ್ತಿಯೇ ಎಂದು ಗುಡುಗಿದೆ. ಬೆಟ್ಟ ಮಾರ್ದನಿಸಿತು. ಅವನು ಇನ್ನೊಂದು ಹೊರೆ ಮುಳ್ಳು ತಂದ.

ಜನವರಿ 14, ಬುಧವಾರ

ಗ್ರಾಮ ಅರಣ್ಯ ಸಮಿತಿ ಫೆಬ್ರವರಿ ಮೂರಕ್ಕೆ ಸೇರುತ್ತದೆ. ದಾರಿ ಇರಬೇಕೋ, ಜೆಸಿಬಿ ತಂದು ಅಡ್ಡ ಅಗಳ ತೋಡಬೇಕೋ — ಅಲ್ಲೇ ತೀರ್ಮಾನ. ತೋಡಿದರೆ ನಮಗೆ ಉಳಿಯುವುದು ಲಾರಿ ಓಡುವ ರಸ್ತೆ ಮಾತ್ರ.

ಏಳು ಪುಟ ಭಾಷಣ ಬರೆದೆ. ಜಹೀರನಿಗೆ ಓದಿದೆ. ಅವನು ಪಂಕ್ಚರ್ ಟ್ಯೂಬಿನಿಂದ ತಲೆ ಎತ್ತಲಿಲ್ಲ.

"ಅಣ್ಣಾ, ಡೈಲಾಗ್ ಬೇಡ. ಕೆಲ್ಸ ತೋರ್ಸೋಣ. ನೀರು ಹೋಗಕ್ಕೆ ಅಡ್ಡ ಕಾಲುವೆ ತೆಗ್ದು ಕಲ್ಲು ಇಡೋಣ."

ಜನವರಿ 18, ಭಾನುವಾರ

ನಮ್ಮ ಸೈಕಲ್ ಬಳಗದ ಹನ್ನೊಂದು ಜನ. ಹೆಗಡೆಯ ಮುಳ್ಳು ದಾಟಿ ಹೋದೆವು. ಪಿಕಾಸಿ, ಹಾರೆ. ನೀರು ಇಳಿಯುವಲ್ಲೆಲ್ಲ ಕಾಲುವೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನೇ ಹೇಳಿದ್ದು — ದಾರಿ ರಂಗದಂತೆ ಕಾಣಬೇಕು, ಒಂದು ಎಲೆ ಇರಕೂಡದು. ದಾರಿ ಗುಡಿಸಿದೆವು, ಇಕ್ಕೆಲದ ಇಳಿಜಾರನ್ನೂ ಗುಡಿಸಿದೆವು. ಒಣ ಎಲೆಯನ್ನೆಲ್ಲ ಬಂಡೆಯ ಮೇಲೆ ರಾಶಿ ಹಾಕಿ ಬೆಂಕಿ ಕೊಟ್ಟೆ. ಫೋಟೋ ತೆಗೆದು ನೇರ ಹೆಗಡೆಯ ವಾಟ್ಸಾಪಿಗೇ ಕಳಿಸಿದೆ. ನೋಡಿ ಉರಿಯಲಿ.

ಜನವರಿ 19, ಸೋಮವಾರ

ಉರಿದ. ಬಸ್ ಸ್ಟ್ಯಾಂಡ್ ಎದುರು ಆಟೋದಲ್ಲಿ ಸೀರೆ ಅಂಗಡಿಯ ಅನೌನ್ಸ್‌ಮೆಂಟ್ ಮಾಡುತ್ತಿದ್ದೆ. ಅಡ್ಡ ನಿಂತ. ಕೂಗಲಿಲ್ಲ, ಅದೇ ಕಷ್ಟ.

"ಪರಮೇಶ್ವರಪ್ಪ, ಅದು ಕಸ ಅಲ್ಲ, ದರಕು. ದನದ ಕಾಲಡಿಗೆ ಹಾಸಿ ಗೊಬ್ಬರ ಮಾಡದು. ನಮ್ಮನೆ ವರ್ಷದ ಗೊಬ್ಬರ ಸುಟ್ಟು ನಂಗೇ ಫೋಟೋ ಕಳ್ಸಿದ್ಯಲ, ಮಾರಾಯ."

ಮೈಕು ಆನಾಗಿಯೇ ಇತ್ತು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಕೇಳಿತು.

ಫೆಬ್ರವರಿ 3, ಮಂಗಳವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯಲು ಏನಿತ್ತು... ಎಲ್ಲಿ ಹೋದರೂ "ಬೂದಿ ಮಾಸ್ತರು".

ಇವತ್ತು ಸಭೆ. ಹೆಗಡೆ ಒಂದು ಬಿದಿರಿನ ಹೆಡಿಗೆ ತುಂಬ ಬೂದಿ ತಂದು ಮೇಜಿನ ಮೇಲಿಟ್ಟ. ನಾನು ಎದ್ದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ನಾಲ್ಕು ಜನ ಚಹಾಕ್ಕೆ ಹೋದರು. ಆಗ ಹೆಗಡೆಯ ಹೆಂಡತಿ ವಿನೋದಾ — ಸಮಿತಿಯ ಸದಸ್ಯೆ — ಗಂಡನ ಕಡೆ ತಿರುಗಿ, "ಕಾಲುವೆ ಚೊಲೋ ತೆಗದ್ದ. ಅದ್ನೂ ಹೇಳಿ" ಅಂದಳು. ಅವನು ಬೂದಿಯನ್ನೇ ನೋಡಿದ.

ಅವಳು ನನಗೆ ಹೇಳಿದ್ದು ಇಷ್ಟು: "ನಮ್ಮನೆ ದರಕಿನ ಕೊಟ್ಟಿಗೆ ಖಾಲಿ ಇದೆ. ಹದಿನೈದನೇ ತಾರೀಖಿನೊಳಗೆ ತುಂಬಿಕೊಡಿ. ಆಮೇಲೆ ದಾರಿ ವಿಷಯ."

ಸಮಿತಿ ಒಪ್ಪಿತು. ತುಂಬದಿದ್ದರೆ ಜೆಸಿಬಿ.

ಫೆಬ್ರವರಿ 7, ಶನಿವಾರ, ಸಂಜೆ

ಹನ್ನೊಂದರಲ್ಲಿ ಒಂಬತ್ತು ಜನಕ್ಕೆ ನಾಳೆ ಮದುವೆಯಂತೆ, ಸೊಂಟನೋವಂತೆ. ಹೇಡಿಗಳು. ಜಹೀರ್ ಒಬ್ಬ ಬರುತ್ತಾನೆ, ಪೊರಕೆ ಎರಡು ಅವನೇ ತರುತ್ತಾನೆ.

ಹೆಗಡೆಯ ಮೇಲೆ ನನಗೆ ಎಳ್ಳಷ್ಟೂ ಪ್ರೀತಿ ಹುಟ್ಟಿಲ್ಲ, ಸಭಾಸದರೇ. ನಾಳೆ ಜಗಲಿಯಲ್ಲಿ ಕೂತು ನಾನು ಹೊರುವುದನ್ನು ನೋಡುತ್ತಾನೆ, ನಗುತ್ತಾನೆ. ನಗಲಿ. ಏಳು ಪುಟ ಒಲೆಗೆ ಹಾಕಿದೆ.

ನಾಳೆ ಬೆಳಿಗ್ಗೆ ಆರಕ್ಕೆ ಬೆಟ್ಟದಲ್ಲಿರುತ್ತೇನೆ. ದರಕು ಗುಡಿಸಿ ಹೆಡಿಗೆ ತುಂಬುತ್ತೇನೆ, ಹೊರುತ್ತೇನೆ, ಅವನ ಕೊಟ್ಟಿಗೆಗೆ ಸುರಿಯುತ್ತೇನೆ. ಅವನು ಏನಂದರೂ ಬಾಯಿ ತೆರೆಯುವುದಿಲ್ಲ. ಒಂದು ಮಾತೂ —