ಪರದೆಯ ಹಿಂದಿನ ಹೆಸರು

ಏ ಇವಳೇ,

ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಮಗಳ ಹೆಸರು ಬರೆಸಲು ಇವತ್ತೇ ಕಡೇ ದಿನ, ಮರೆಯದೆ ಕಚೇರಿಗೆ ಹೋಗಿ ಬಾ.

ನನ್ನ ಪ್ರಯೋಗದ ಮಾತು ಮಾತ್ರ ಎತ್ತಬೇಡ. ಅಜ್ಜಿಯರಿಬ್ಬರೂ ಪರದೆಯ ಹಿಂದೆ ನಿಂತು ತಂತಮ್ಮ ಭಾಷೆಯಲ್ಲಿ ಆರಿಸಿದ ಹೆಸರು ಕೂಗಲಿ, ಮಗು ಯಾವುದಕ್ಕೆ ತಿರುಗುತ್ತದೋ ಅದನ್ನೇ ಇಡೋಣ ಅಂತ ದೊಡ್ಡ ವಿಜ್ಞಾನಿಯ ಹಾಗೆ ಹೇಳಿದ್ದೆನಲ್ಲ? ನಮ್ಮಮ್ಮ ಬೆನ್ನ ಹಿಂದೆ ಕೀಲಿಗೊಂಚಲು ಅಲ್ಲಾಡಿಸುತ್ತಿದ್ದಳು. ಅದನ್ನು ಕಂಡು ನಿಮ್ಮಮ್ಮ ಚಮಚ, ಬಟ್ಟಲು ಹಿಡಿದುಕೊಂಡು ಬಂದರು. ಇಷ್ಟಾದರೂ "ಇನ್ನೊಂದು ಸುತ್ತು ನೋಡೋಣ" ಅಂದ ಮಹಾನುಭಾವ ನಾನೇ. "ನಿಮ್ಮಮ್ಮ ಗೆಲ್ಲೋ ತನಕ ನಡೆಯೋದನ್ನ ಪ್ರಯೋಗ ಅನ್ನಲ್ಲ ಕಣೋ" ಅಂತ ನೀನು ಅಂದದ್ದು ಸರಿಯಾಗಿಯೇ ಇತ್ತು.

ಈಗ ಬೂಟು ಹಾಕಿಕೊಳ್ಳುವಾಗ ಅಡುಗೆಮನೆಯಲ್ಲಿ ಅಮ್ಮನ ದನಿ ಕೇಳಿಸಿತು, ಇಣುಕಿ ನೋಡಿದೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನಿಮ್ಮಮ್ಮ ಆರಿಸಿದ ಹೆಸರನ್ನು ನಾಲಿಗೆ ಹೊರಳದಿದ್ದರೂ ಮತ್ತೆ ಮತ್ತೆ ಹೇಳಿ ನೋಡುತ್ತಿದ್ದಳು. "ನಗಬೇಡ ಕಣೇ ಪುಟ್ಟಿ, ತಡಿ, ಇನ್ನೊಂದ್ಸಲ ಹೇಳ್ತೀನಿ. ನಿನ್ನ ಆ ಅಜ್ಜಿ ಮುಂದೆ ನನ್ನ ಮರ್ಯಾದೆ ಉಳಿಬೇಕಲ್ಲ!" ಮಗು ಅವಳ ಬಾಯನ್ನೇ ನೋಡುತ್ತಿತ್ತು. ಅಮ್ಮನ ಕೈಯಲ್ಲಿ ಕೀಲಿ ಇರಲಿಲ್ಲ.

ಆ ಹೆಸರನ್ನೇ ಬರೆಸು. ನಾನು ಕದ್ದು ಕೇಳಿದ್ದನ್ನು ಅಮ್ಮನಿಗೆ ಹೇಳಬೇಡ. ಪರದೆ ಬಿಚ್ಚಿ ಒಗೆಯಲು ಹಾಕಿದ್ದೇನೆ, ಒಣಗಿಸಿಬಿಡು.

ಸಂಜೆ ಬಂದ ಮೇಲೆ ಆ ಹೆಸರು ಹೇಳುವುದನ್ನು ನನಗೂ ಕಲಿಸು. ಅಮ್ಮ ಆಗಲೇ ನನಗಿಂತ ಮುಂದಿದ್ದಾಳೆ.