ಐಸ್ ಹಾಕಿದ ಫ್ಲಾಸ್ಕ್

ಜನವರಿ 20, ಸೋಮವಾರ

ಪಿಪಿಆರ್ ರೋಗದ ಲಸಿಕೆ ಆಯಿತು. 62 ಕುರಿ, 3 ಟಗರು. ಪಶು ಆಸ್ಪತ್ರೆಯಿಂದ ಫ್ಲಾಸ್ಕಿಗೆ ಐಸ್ ತುಂಬಿಸಿಕೊಂಡು ತಂದೆ, ದಾರಿಯಲ್ಲಿ ಟೀಗೂ ನಿಲ್ಲಲಿಲ್ಲ. ಬಿಸಿಯಾದರೆ ಲಸಿಕೆ ಸತ್ತಂತೆ.

ಸಂಗೀತಗೆ ಈ ತಿಂಗಳೂ ಮುಟ್ಟಾಯಿತು. ಹೇಳಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಕಾಯಿಸುತ್ತಿದ್ದಳು, ತಿಳಿಯಿತು. ಮದುವೆಯಾಗಿ ಆರು ವರ್ಷ. ಈ ಪುಸ್ತಕ ಇಟ್ಟದ್ದು ಕುರಿ ಮರಿ ಹಾಕಿದ ದಿನ, ಲಸಿಕೆಯ ದಿನ ಬರೆಯಲು. ಇದನ್ನೆಲ್ಲ ಯಾಕೆ ಬರೆಯುತ್ತೇನೋ...

ಜನವರಿ 23, ಗುರುವಾರ

ಹೊಸ ಟಗರು ಬಿಟ್ಟ ಗುಂಪಿನಲ್ಲಿ ಹದಿನಾಲ್ಕು ಕುರಿ ಗಬ್ಬ ನಿಂತಿಲ್ಲ. ಆ ಕುರಿಗಳನ್ನು ಸಂತೆಗೆ ಹೊಡೆಯೋಣ ಅಂದೆ. ಅಪ್ಪ ಬೀಡಿ ಆರಿಸಿದ.

"ಹದಿನಾಲ್ಕೂ ಒಟ್ಟಿಗೆ ಗೊಡ್ಡಾಗ್ತಾವೇನೋ ಶಿವಯೋಗಿ? ಮೊದ್ಲು ಟಗರು ನೋಡು."

ಸಂಗೀತ ಅಲ್ಲೇ ಹಿಕ್ಕೆ ಗುಡಿಸುತ್ತಿದ್ದಳು. ಪೊರಕೆ ನಿಂತಿತು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಅವಳಿಗೆ ಸ್ಕ್ಯಾನ್, ರಕ್ತ, ಟ್ಯೂಬಿನ ಎಕ್ಸ್‌ರೇ ಎಲ್ಲ ಆಗಿದೆ. ಎಕ್ಸ್‌ರೇ ದಿನ ಬಸ್ಸಿನಲ್ಲಿ ಹೊಟ್ಟೆ ಹಿಡಿದು ಬಾಗಿಯೇ ಕೂತಿದ್ದಳು. ಎಲ್ಲ ನಾರ್ಮಲ್. ಯಜಮಾನರನ್ನೂ ಕರೆತನ್ನಿ ಎಂದು ಡಾಕ್ಟರ್ ಪ್ರತಿ ಸಲ ಹೇಳಿದ್ದಾರೆ. ಪ್ರತಿ ಸಲ ನನಗೆ ಕುರಿ ಕೆಲಸ ಬಂದಿದೆ.

ಫೆಬ್ರವರಿ 3, ಸೋಮವಾರ

ಶಿಕಾರಿಪುರಕ್ಕೆ ಒಬ್ಬನೇ ಹೋದೆ. ಮನೆಯಲ್ಲಿ ಜೋಳದ ಬೀಜ ತರಲು ಅಂದೆ. ಡಾಕ್ಟರ್ ಸರ್ವಮಂಗಳ — ಅವ್ವನ ವಯಸ್ಸು. ವೀರ್ಯ ಪರೀಕ್ಷೆ ಅಂತ ಆರಾಮಾಗಿ ಅಂದುಬಿಟ್ಟರು. ನಾನು ನೆಲದ ಟೈಲ್ಸ್ ಎಣಿಸುತ್ತ ಹೂಂ, ಹೂಂ ಅಂದೆ. ಐದು ದಿನ ಹೆಂಡತಿಯಿಂದ ದೂರ ಇರಬೇಕು, ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು — ಕಿವಿಗೆ ಬಿದ್ದದ್ದು ಇಷ್ಟು. ಲ್ಯಾಬಿನಲ್ಲೇ ಕೊಡಬಹುದಂತೆ. ಆದರೆ ಆ ಬಾತ್‌ರೂಮಿನ ಎದುರಿಗೇ ಬೆಂಚು, ಬೆಂಚಿನ ಮೇಲೆ ನಮ್ಮೂರ ಗುಡ್ಡಪ್ಪ. ಶುಗರ್ ಟೆಸ್ಟಿಗೆ ಬಂದಿದ್ದ. ಲ್ಯಾಬಿನವರು ಕೊಟ್ಟ ಡಬ್ಬಿ, ಇಂಗ್ಲಿಷ್ ಚೀಟಿ ಎರಡನ್ನೂ ಜೇಬಿಗೆ ತುರುಕಿಕೊಂಡು ಓಡಿಬಂದೆ.

ಫೆಬ್ರವರಿ 8, ಶನಿವಾರ

ಕೊಟ್ಟು ಬಂದೆ. ಬೈಕಿನಲ್ಲಿ ನಲವತ್ತೈದು ನಿಮಿಷ. ಡಬ್ಬಿ ಲಸಿಕೆ ಫ್ಲಾಸ್ಕಿನಲ್ಲಿ, ಸುತ್ತ ಐಸ್. ಇಷ್ಟು ಜೋಪಾನ ನಾನು ಯಾವುದಕ್ಕೂ ಮಾಡಿದವನಲ್ಲ. ಲ್ಯಾಬಿನ ಹೊರಗೆ ತೆಗೆದು, ನೀರು ಒರೆಸಿ, ಕೌಂಟರ್ ಮೇಲೆ ಇಟ್ಟೆ. ಹೆಸರು ಹೇಳಿ ತಿರುಗಿ ನೋಡದೆ ಬಂದೆ.

ಫೆಬ್ರವರಿ 10, ಸೋಮವಾರ

ರಿಪೋರ್ಟ್ ಬಂತು. ಕನ್ನಡದಲ್ಲಿ ಹೇಳಪ್ಪ ಅಂದೆ ಲ್ಯಾಬಿನವನಿಗೆ.

"ಇದಾವೆ ಅಣ್ಣ, ಆದ್ರೆ ಒಂದೂ ಅಲ್ಲಾಡ್ತಿಲ್ಲ. ಡಾಕ್ಟ್ರಿಗೆ ತೋರ್ಸಿ."

ತೋರಿಸಲಿಲ್ಲ. ಒಂದೂ ಅಲ್ಲಾಡುತ್ತಿಲ್ಲ.

ಫೆಬ್ರವರಿ 27, ಗುರುವಾರ

ಹದಿನೇಳು ದಿನ ಏನೂ ಬರೆದಿಲ್ಲ. ಸಂಗೀತ ತವರಿನಲ್ಲಿದ್ದಾಳೆ, ಕುಪ್ಪಗಡ್ಡೆಯಲ್ಲಿ. ನಾನೇ ಬಿಟ್ಟು ಬಂದೆ. ಸ್ವಲ್ಪ ದಿನ ಇದ್ದು ಬಾ ಅಂದೆ. ಎಷ್ಟು ದಿನ ಎಂದು ಅವಳು ಕೇಳಲಿಲ್ಲ. ಇನ್ನೂ ಇಪ್ಪತ್ತೊಂಬತ್ತು ಅವಳಿಗೆ, ಬೇರೆ ಮದುವೆ ಆಗಬಹುದು. ಇದನ್ನು ನನ್ನ ದೊಡ್ಡತನ ಅಂದುಕೊಂಡಿದ್ದೆ. ದೊಡ್ಡತನವಲ್ಲ, ಹೇಳುವ ಧೈರ್ಯವಿಲ್ಲ ಅಷ್ಟೆ.

ತಂಗಿ ರಜನಿ ಏಳು ತಿಂಗಳ ಬಸುರಿ. ಮಾರ್ಚ್ 17ಕ್ಕೆ ನಮ್ಮ ಮನೆಯಲ್ಲೇ ಕುಬುಸ. ಬಡಿಸುತ್ತ ಅವ್ವ ಅಂದಳು:

"ನಿನ್ ಹೆಂಡ್ತಿ ಅಲ್ಲೇ ಇದ್ರೆ ಒಳ್ಳೇದಾತು ಬಿಡು. ಮಡ್ಲು ತುಂಬೋ ಹೊತ್ನಾಗೆ ಬಂಜೆ ಎದುರಿಗಿದ್ರೆ ಜನ ಏನಂತಾರೆ."

ಮಾತು ನಾಲಿಗೆಯ ಮೇಲೇ ಇತ್ತು. ಅನ್ನದ ಜೊತೆ ನುಂಗಿದೆ. ಥೂ ನನ್ನ.

ಮಾರ್ಚ್ 2, ಭಾನುವಾರ

ಕುಪ್ಪಗಡ್ಡೆಗೆ ಹೋದೆ. ತಡೆಯಲು ಆಗಲಿಲ್ಲ. ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ, ರಿಪೋರ್ಟ್ ಕೈಗಿಟ್ಟೆ.

"ಇದ್ಕಾ ನನ್ನನ್ನ ಇಲ್ಲಿ ಬಿಟ್ ಹೋಗಿದ್ದು?"

ಹೂಂ ಅಂದೆ. ಹೆಗಲಿಗೆ ಗುದ್ದಿದಳು. ನಿಜವಾಗಿ ನೋವಾಯಿತು. ಆಮೇಲೆ ಅತ್ತಳು. ನಾನೂ ಅತ್ತೆ. ರಿಪೋರ್ಟಿನ ಜೊತೆ ಆ ಇಂಗ್ಲಿಷ್ ಚೀಟಿಯೂ ಮಡಚಿಕೊಂಡು ಬಂದಿತ್ತು. ಪಿಯುಸಿ ಓದಿದವಳು, ಬಿಡಿಸಿ ಓದಿದಳು. ಮೂಗು ಒರೆಸಿಕೊಂಡು ಕೇಳಿದಳು:

"ರೀ, ಅದನ್ನ ಹೆಂಗೆ ತಗಂಡ್ ಹೋದ್ರಿ?"

"ಜೋಪಾನಾಗೇ ಒಯ್ದೆ. ಲಸಿಕೆ ಫ್ಲಾಸ್ಕಲ್ಲಿ, ಐಸ್ ಹಾಕಿ."

ಇನ್ನೊಮ್ಮೆ ಓದಿದಳು.

"ಮೈಗೆ ಒತ್ಕಂಡು ಬೆಚ್ಚಗೆ ತರ್ಬೇಕು, ತಣ್ಣಗೆ ಮಾಡ್ಬಾರ್ದು ಅಂತ ಬರ್ದಿದಾರಲ್ರೀ. ನೀವೇ ಸಾಯ್ಸಿದೀರ."

ನನ್ನ ಮುಖ ನೋಡಿ ನಗು ಬಂತು ಅವಳಿಗೆ. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಹುಲ್ಲು ಹೊತ್ತು ಹೋಗುತ್ತಿದ್ದ ಹೆಂಗಸು ತಿರುಗಿ ನೋಡಿದಳು. ಸಂಜೆ ಬೈಕಿನಲ್ಲಿ ಇಬ್ಬರೂ ಊರಿಗೆ ಬಂದೆವು.

ಮಾರ್ಚ್ 11, ಮಂಗಳವಾರ

ಈ ಸಲ ಲ್ಯಾಬಿನಲ್ಲೇ ಕೊಟ್ಟೆ. ಸಂಗೀತ ಎದುರಿನ ಬೆಂಚಿನ ಮೇಲೆ ಎಲ್ಲರ ನಡುವೆ ಕೂತಿದ್ದಳು, ಬುತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು. ಅವಳು ಕೂತಿದ್ದಾಳೆ ಅಂತಲೇ ನನಗೂ ನಾಚಿಕೆ ಕಡಿಮೆಯಾಯಿತು.

ಸತ್ತಿಲ್ಲ. ಆದರೆ ಕಡಿಮೆ ಇವೆ, ನಿಧಾನ ಇವೆ.

"ಸೊನ್ನೆ ಅಲ್ಲ. ಹಾಗಂತ ಸುಲಭವೂ ಅಲ್ಲ," ಅಂದರು ಡಾಕ್ಟರ್. "ಗುಟ್ಕಾ ಬಿಡಿ. ಮಾತ್ರೆ ತಗೊಳ್ಳಿ. ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ. ಆಗ್ಲಿಲ್ಲ ಅಂದ್ರೆ ಬೇರೆ ದಾರಿಗಳಿದಾವೆ."

ಹಾಗಾದರೆ ತೊಂದರೆ ನನ್ನಲ್ಲೇ. ಇನ್ನು ತಪ್ಪನ್ನು ಐಸಿನ ಮೇಲೆ ಹಾಕುವ ಹಾಗಿಲ್ಲ.

ಬಸ್ಸಿನಲ್ಲಿ ಸಂಗೀತ ಕೇಳಿದಳು, "ಅತ್ತೆಗೆ ಹೇಳ್ತೀರಾ?"

"ಹೇಳ್ತೀನಿ."

"ಯಾವಾಗ?"

ಕಿಟಕಿಯ ಆಚೆ ನೋಡಿದೆ. ಗುಟ್ಕಾ ಬೇಕು ಅನ್ನಿಸಿತು. ಹಾಕಲಿಲ್ಲ.

ಮಾರ್ಚ್ 17, ಸೋಮವಾರ. ಮಧ್ಯಾಹ್ನ 3

ಕುರಿ ದೊಡ್ಡಿಯಲ್ಲಿ ಕೂತಿದ್ದೇನೆ.

ರಜನಿಯನ್ನು ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಮಡಿಲು ತುಂಬಿದರು. ಸಂಗೀತ ಬೆಳಗಿನಿಂದ ಹೋಳಿಗೆ ಬೇಯಿಸಿ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅತ್ತಿಗೆ, ಬಾ, ನೀನೂ ತುಂಬು," ಎಂದು ರಜನಿಯೇ ಕರೆದಳು. ಸಂಗೀತ ಎರಡು ಹೆಜ್ಜೆ ಇಟ್ಟಳು. ಅವ್ವ ಅಕ್ಕಿ ತಟ್ಟೆ ತನ್ನ ಕಡೆ ಎಳೆದುಕೊಂಡಳು.

"ನೀ ಬ್ಯಾಡ. ಒಳಗೆ ಹೋಗು."

ಎದ್ದು ನಿಂತೆ. ಎದ್ದದ್ದು ಎದ್ದ ಮೇಲೇ ಗೊತ್ತಾಯಿತು.

"ಅವ್ವ, ಅವ್ಳಲ್ಲಿ ಏನೂ ಇಲ್ಲ. ತೊಂದ್ರೆ ನಂದು. ಟೆಸ್ಟ್ ಮಾಡ್ಸೀನಿ, ಮಾತ್ರೆ ತಗಂತಾ ಇದೀನಿ."

ಗುಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನಿಲ್ಲಿಸಿದ. ಅಪ್ಪ ಕಂಬಕ್ಕೆ ಒರಗಿದಲ್ಲಿಂದ ಮೆಲ್ಲಗೆ ಅಂದ, "ವರದಮ್ಮ, ತಟ್ಟೆ ಕೊಡು."

ಅವ್ವ ಕೊಡಲಿಲ್ಲ. ಕೆಳಗಿಟ್ಟು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಗೀತ ತಾನೇ ತಟ್ಟೆ ತೆಗೆದುಕೊಂಡಳು. ಐದು ಬೊಗಸೆ ಅಕ್ಕಿ ರಜನಿಯ ಮಡಿಲಿಗೆ ಹಾಕಿದಳು, ಒಂದು ಕಾಳೂ ಚೆಲ್ಲದ ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. ಜನವರಿಯಲ್ಲಿ ನೋಡದೆ ಹೋದವಳು ಈವತ್ತು ನೋಡಿದಳು. ನನಗೆ ಅಷ್ಟು ಸಾಕಾಯಿತು.

ಅವ್ವ ಮಾತ್ರ ಊಟಕ್ಕೆ ಬರಲಿಲ್ಲ. ನಾನೂ ಉಂಡಿಲ್ಲ. ಆ ಸಂಕಟ ಬೇರೆ. ಮಗ ಹತ್ತು ಜನರ ಮುಂದೆ...

ಯಾರೋ ಬರುತ್ತಿದ್ದಾರೆ. ಅವ್ವ. ಕಣ್ಣು ಕೆಂಪಾಗಿದೆ, ಕೈಯಲ್ಲಿ ಹೋಳಿಗೆ ತಟ್ಟೆ. "ಆ ಮಾತ್ರೆ ಉಣ್ಣಕ್ ಮೊದ್ಲೋ, ಉಂಡ್ಮ್ಯಾಲೋ?" ಅಂತ ಬೇಲಿ ಆಚೆಯಿಂದಲೇ ಕೇಳುತ್ತಿದ್ದಾಳೆ. ಈ ಸಲ ಚೀಟಿ ಓದಿಸಿಕೊಂಡಿದ್ದೇನೆ. ಉಂಡ ಮೇ—